ತೊಟ್ಟಿಯ ಪಾಚಿಗೆ ಕಾಯಿ ಬಂದ ದಿನ

“ಭಾವ, ಬಾಗಿಲು ಬಿಡಿ,” ಎನ್ನುತ್ತ ನಾದಿನಿ ಖಾಲಿ ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು.

ದರ್ಜಿ ಏಳಲಿಲ್ಲ. ಹೊಲಿಗೆ ಯಂತ್ರದ ಮುಂದಿನ ಮೋಟು ಸ್ಟೂಲನ್ನು ಬಚ್ಚಲಿನ ಬಾಗಿಲಿಗೆ ಒತ್ತರಿಸಿ, ಬೆನ್ನನ್ನು ಬಾಗಿಲಿಗೂ ಕಾಲುಗಳನ್ನು ಎದುರಿನ ಗೋಡೆಗೂ ಆನಿಸಿ ಕುಳಿತಿದ್ದ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾದ, ಮನೆಯೊಳಗಿನ ಆ ಓಣಿಯಲ್ಲಿ ಅವನನ್ನು ದಾಟಿ ಒಳಹೋಗುವುದು ಸಾಧ್ಯವಿರಲಿಲ್ಲ. ಕೊರಳಲ್ಲಿ ಅಳತೆಯ ಟೇಪು ಹಿಂದಿನ ದಿನದಿಂದ ಹಾಗೆಯೇ ಜೋತಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಮಲಗಿದ್ದಳು. ಅವಳ ಉಸಿರು ನಿಂತದ್ದು ಬೆಳಕು ಹರಿಯುವ ಹೊತ್ತಿಗೆ.

“ಎದುರುಮನೆಯಿಂದ ನೀರು ತಗೊಂಡು ಬಾ. ಅವರಿಗೆ ಹೇಳಿದೀನಿ,” ಎಂದ.

“ನಮ್ಮಕ್ಕನ ಮೈ ತೊಳೆಯೋಕೆ ಅವಳ ಮನೇಲೇ ನೀರಿಲ್ವಾ?”

“ನೀರಿದೆ. ನಲ್ಲಿ ತಿರುಗಿಸಿದ್ರೆ ತೊಟ್ಟಿಗೆ ಸಿಡಿಯತ್ತೆ. ಸಿಡಿದ್ರೆ ಕಾಯಿ ಉದುರತ್ತೆ.”

ನಾದಿನಿ ಮಾತಿಗೆ ನಿಲ್ಲದೆ ಬಕೆಟ್ಟನ್ನು ಎತ್ತಿಕೊಂಡಳು. ಎತ್ತಿಕೊಳ್ಳುವ ಮೊದಲು ಒಮ್ಮೆ ಅದನ್ನು ಅವನ ಕಾಲಿನ ಮೇಲೇ ಕುಕ್ಕಿದಳೆಂದು ಎದುರುಮನೆಯಾಕೆ ಇಂದಿಗೂ ಹೇಳುವುದುಂಟು. ಕಾಲಿನ ಮೇಲಲ್ಲ, ಪಕ್ಕಕ್ಕೆ ಎಂದು ನಾದಿನಿಯ ತಿದ್ದುಪಡಿ.

ಹೊತ್ತೇರಿದಂತೆ ಮನೆ ತುಂಬಿತು. ಬಂದವರಿಗೆಲ್ಲ ಮೊದಲು ಸಾವು ಕಂಡಿತು, ಆಮೇಲೆ ಬಚ್ಚಲಿನ ಬಾಗಿಲು. ಆ ಮನೆಗೆ ಇದ್ದದ್ದು ಅದೊಂದೇ ಬಚ್ಚಲು, ಶೌಚವೂ ಅದರೊಳಗೇ. ಮುಖ ತೊಳೆಯಬೇಕಾದವರು, ಅತ್ತು ಮೂಗು ಕಟ್ಟಿದವರು, ದೂರದ ಪ್ರಯಾಣ ಮುಗಿಸಿ ಬಂದು ಇನ್ನು ತಡೆಯಲಾರದವರು, ಎಲ್ಲರೂ ರಸ್ತೆ ದಾಟಿ ಎದುರುಮನೆಗೆ ಹೋಗಬೇಕಾಯಿತು. ಅಲ್ಲಿ ಸಾಲು ನಿಂತಿತು. ಸತ್ತವರ ಮನೆಗಿಂತ ತನ್ನ ಮನೆಯಲ್ಲೇ ಹೆಚ್ಚು ಜನ ಸೇರಿದ್ದರೆಂದು ಎದುರುಮನೆಯಾಕೆ ಆಮೇಲೆ ಹೇಳಿಕೊಂಡಳು. ಹೆಂಡತಿ ಹೋದ ದುಃಖಕ್ಕೆ ದರ್ಜಿಯ ತಲೆ ಕೆಟ್ಟಿದೆಯೆಂದು ಒಬ್ಬರು, ಅದು ಕೆಟ್ಟು ಎಷ್ಟೋ ಕಾಲವಾಯಿತೆಂದು ಇನ್ನೊಬ್ಬರು.

ಅವನು ಬೆಳಿಗ್ಗೆ ಮಾಡಿದ ಮೊದಲ ಫೋನು ನಾದಿನಿಗಲ್ಲ ಎಂಬುದು ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಹೆಂಡತಿಯ ಹಳೆಯ ಶಿಷ್ಯೆ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಫೋನು ಹೋದದ್ದು ಅವಳಿಗೆ. “ಕಾಯಿ ಬಂದಿದೆ,” ಎಂದನಂತೆ ಮೊದಲು. ಅವಳು ಸಂತೋಷದಿಂದ ಮೇಡಮ್ಮಿಗೆ ಕೊಡಿ ಎಂದಾಗ, “ಅವಳು ಹೋದಳು,” ಎಂದನಂತೆ. ಶಿಷ್ಯೆ ಅತ್ತು, ಸುಧಾರಿಸಿಕೊಂಡು, ಬರುತ್ತೇನೆ, ಅಲ್ಲಿಯವರೆಗೆ ತೊಟ್ಟಿಯನ್ನು ಯಾರೂ ಮುಟ್ಟಕೂಡದು, ನೀರು ಕದಡಿದರೆ ಕಾಯಿಗಳು ಉದುರಿ ಕೆಸರಿಗೆ ಸೇರುತ್ತವೆ ಎಂದಿದ್ದಳು. ಫೋನಿಟ್ಟವನು ಸ್ಟೂಲು ತಂದು ಅಲ್ಲಿ ಕುಳಿತವನೇ ಮತ್ತೆ ಎದ್ದಿರಲಿಲ್ಲ.

*

ಹೆಂಡತಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಹುಡುಗರು ಇಟ್ಟ ಹೆಸರು ಪಾಚಿ ಮೇಡಂ. ಹಾಗೆ ಕರೆಯುವುದು ತನಗೆ ಗೊತ್ತಿಲ್ಲವೆಂಬಂತೆ ಬಹುಕಾಲ ನಟಿಸಿದವಳು, ನಿವೃತ್ತಿಯ ದಿನದ ಭಾಷಣವನ್ನು ಮಾತ್ರ “ನಿಮ್ಮ ಪಾಚಿ ಮೇಡಂ ಮಾತಾಡ್ತಿದೀನಿ” ಎಂದೇ ಆರಂಭಿಸಿದ್ದಳು.

ಊರಾಚೆಯ ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟ ಗುಂಡಿಯೊಂದಿತ್ತು. ಅದರ ತಿಳಿನೀರಿನ ತಳದಲ್ಲಿ ಬೆಳೆದಿದ್ದ ಹಸಿರನ್ನು ಅವಳು ಒಮ್ಮೆ ಕೈಹಾಕಿ ಎಳೆದಳು. ಪಾಚಿಯೆಂದರೆ ಜಾರಬೇಕು, ಇದು ಬೆರಳ ಸಂದಿಯಲ್ಲಿ ಮರಳಿನಂತೆ ಗರಗರ ಎಂದಿತು. ಮೈಗೆ ಸುಣ್ಣ ಕಟ್ಟಿಕೊಂಡ ಪಾಚಿ. ಬೆಳ್ಳುಳ್ಳಿಯ ನಾತ ಬೇರೆ. ಇಂಥದರಲ್ಲಿ ಒಂದು ಜಾತಿ ಎಲ್ಲೆಡೆ ಸಿಗುವಂಥದು. ಅದರ ತದ್ರೂಪದ ಇನ್ನೊಂದು, ಬಹು ಅಪರೂಪದ್ದು, ದೂರದ ಕೆಲವೇ ತಣ್ಣನೆಯ ಸರೋವರಗಳಲ್ಲಿ ಮಾತ್ರ ಇದೆಯೆಂದು ಪುಸ್ತಕಗಳ ಹೇಳಿಕೆ. ಈ ಸೀಮೆಯಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ. ತಾನು ಕಂಡದ್ದು ಅದನ್ನೇ ಎಂದು ಅವಳಿಗೆ ನೋಡಿದ ಕೂಡಲೇ ಅನ್ನಿಸಿತು. ಆದರೆ ಎರಡಕ್ಕೂ ಇರುವ ಭೇದವೆಲ್ಲ ಕಾಯಿಯಲ್ಲಿ. ಸಾಸಿವೆಗಿಂತ ಎಷ್ಟೋ ಸಣ್ಣದಾದ ಆ ಕಾಯಿ ಮಾಗಿದಾಗ ಅದರ ಮೈಮೇಲೆ ತಿರುಪಿನಂಥ ಗೆರೆಗಳು ಮೂಡುತ್ತವೆ. ಜಾತಿಗೊಂದು ಬಗೆಯ ಆ ಗೆರೆ ನೋಡದೆ ಯಾವ ತಜ್ಞರೂ ಬಾಯಿ ಬಿಡುವುದಿಲ್ಲ. ಬರೆದು ಕೇಳಿದ್ದಕ್ಕೆ, ಕಾಯಿ ತೋರಿಸಿ, ಒಪ್ಪುತ್ತೇವೆ ಎಂಬ ಉತ್ತರ ಬಂತು. ಪಾಚಿಗೆ ಕಾಯಿ ಎಂದು ಉತ್ತರಪತ್ರಿಕೆಯಲ್ಲಿ ಬರೆದವರಿಗೆ ಅವಳು ಸೊನ್ನೆ ಕೊಡುತ್ತಿದ್ದಳು. ಮನೆಯಲ್ಲಿ ಮಾತ್ರ, ಗಂಡನಿಗೆ ತಿಳಿಯಲೆಂದು, ಕಾಯಿ ಎಂದೇ ಹೇಳುತ್ತಿದ್ದಳು.

ಒಂದು ವರ್ಷ ಕಾಯಿ ಸಿಕ್ಕಿತ್ತು. ಒಂದೇ ಕಡ್ಡಿಯಲ್ಲಿ. ಸುಣ್ಣ ಕಳೆದರೆ ಗೆರೆ ಚೆನ್ನಾಗಿ ಕಾಣುತ್ತದೆಂದು ಅದನ್ನು ವಿನೆಗರಿನಲ್ಲಿ ಅದ್ದಿಟ್ಟಳು. ಕ್ಷಣಹೊತ್ತು ಅದ್ದಿ ತೆಗೆಯಬೇಕಾದದ್ದು. ಅಷ್ಟರಲ್ಲಿ ಪಕ್ಕದಲ್ಲಿದ್ದ ಉತ್ತರಪತ್ರಿಕೆಗಳನ್ನು ಕೈಗೆತ್ತಿಕೊಂಡಳು. ಕೊನೆಯ ಪತ್ರಿಕೆಗೆ ಅಂಕ ಹಾಕಿ ತಲೆಯೆತ್ತುವಾಗ ಬಟ್ಟಲಲ್ಲಿ ಉಳಿದದ್ದು ಹಸಿರು ಗಂಜಿ. “ಬೇಯಿಸಿಬಿಟ್ಟೆ ಕಣ್ರೀ,” ಎಂದು ನಕ್ಕಳು. ಆ ವರ್ಷ ಫೇಲಾದವರೆಲ್ಲ ಆ ಬಟ್ಟಲಿನ ಶಾಪಕ್ಕೆ ಫೇಲಾದವರೆಂದು ಕಾಲೇಜಿನಲ್ಲಿ ಪ್ರತೀತಿ.

ಆಮೇಲೆ ಗೂಡಿನವರು ಗುಂಡಿ ಮುಚ್ಚಿದರು. ಮುಚ್ಚುವ ಮೊದಲು ಅವಳು ಕೆಸರು ಸಮೇತ ಪಾಚಿಯನ್ನು ತಂದು ಬಚ್ಚಲಿನ ಸಿಮೆಂಟು ತೊಟ್ಟಿಗೆ ಇಳಿಸಿದಳು. ಅಂದಿನಿಂದ ಇಬ್ಬರ ಸ್ನಾನವೂ ಬಕೆಟ್ಟಿನಲ್ಲಿ. ದರ್ಜಿ ಬೈದುಕೊಂಡೇ ತಿಂಗಳುಗಳನ್ನು ಕಳೆದ. ಅವಳು ಬೈಸಿಕೊಂಡೇ ಮಳೆನೀರು ಹಿಡಿದು ತುಂಬಿಸಿದಳು. ಊರಿನಲ್ಲಿ ಆ ಪಾಚಿಯೆಂದು ಉಳಿದದ್ದು ತೊಟ್ಟಿಯೊಳಗಿನದಷ್ಟೇ.

*

ಶವ ಸಾಗಿಸುವ ವಾಹನಕ್ಕೆ ಹೇಳಿದ್ದು ನಾಲ್ಕು ಗಂಟೆಗೆ. ಅದು ಮೊದಲೇ ಬಂದು ಬಾಗಿಲಲ್ಲಿ ನಿಂತಿತು. ಶಿಷ್ಯೆಯ ಬಸ್ಸು ಎಲ್ಲೋ ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು. ಬೇರೆ ಬಸ್ಸು ಹತ್ತಿದಳೆಂದು ಮತ್ತೊಂದು ಸುದ್ದಿ. ದರ್ಜಿಯ ಮೊಣಕಾಲು, ಯಂತ್ರ ತುಳಿದು ರೂಢಿಯಾದದ್ದು, ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಕೈಗಳು ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಹೊರಗೆ ಚಪ್ಪಲಿಯ ಸದ್ದಾದರೆ ಕತ್ತು ಚಾಚುತ್ತಿದ್ದ. ಬಂದವರು ಬೇರೆಯವರಾದರೆ ಅವರು ಹೇಳುವ ಸಾಂತ್ವನಕ್ಕೆ ಕಿವಿಗೊಡದೆ, ಎದುರುಮನೆಗೆ ಹೋಗಿ ಎನ್ನುತ್ತಿದ್ದ, ಅವರು ಬಚ್ಚಲನ್ನು ಕೇಳಿರದಿದ್ದರೂ.

ಅಕ್ಕನಿಗೆ ಸೀರೆ ಉಡಿಸಿ ಮುಗಿಸಿದ ನಾದಿನಿ ಬಂದು ಅವನ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು. ದನಿ ತಗ್ಗಿತ್ತು.

“ಭಾವ, ಒಂದು ಸಲ ಒಳಗೆ ಬಂದು ಅವಳ ಹತ್ರ ಕೂತ್ಕೊಳ್ಳಿ. ಬಾಗಿಲನ್ನ ನಾನು ಕಾಯ್ತೀನಿ.”

“ಏನಂತ ಹೋಗಿ ಕೂರಲಿ?”

“ಪಾಚಿ ಎಲ್ಲಿಗೂ ಓಡಿಹೋಗಲ್ಲ. ನಿಮಗೇನಾಗಿದೆ ಇವತ್ತು? ನಿನ್ನೆವರೆಗೂ ಅದನ್ನ ಕಿತ್ತು ಮೋರಿಗೆ ಹಾಕ್ತೀನಿ ಅಂತಿದ್ರಿ.”

ಅವನು ಟೇಪು ಸುತ್ತುವುದನ್ನು ನಿಲ್ಲಿಸಿದ. ಆಗ ಅವನು ಹೇಳಿದ್ದನ್ನು ನಾದಿನಿ ಬಹಳ ಕಾಲದ ನಂತರ, ಅದೂ ಕೇಳಿದವರಿಗೆಲ್ಲ ಅಲ್ಲ, ಹೇಳಿದಳು.

*

ಹೆಂಡತಿ ಹಾಸಿಗೆ ಹಿಡಿದ ಮೇಲೆ ತೊಟ್ಟಿಯ ಕೆಲಸ ಅವನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ, ಕಣ್ಣು ಕನ್ನಡಿಯಲ್ಲಿಟ್ಟು, ಒಂದು ಚೊಂಬು ಮಳೆನೀರನ್ನು ತೊಟ್ಟಿಯ ಅಂಚಿನಿಂದ ಇಳಿಬಿಡುತ್ತಿದ್ದ. ಅಷ್ಟೇ. ಸಂಜೆ ಅವನು ಯಂತ್ರದ ಮುಂದೆ ಕುಳಿತಿರುವಾಗ ಕೋಣೆಯಿಂದ ಅವಳ ದನಿ ಬರುತ್ತಿತ್ತು.

“ರೀ, ಏನಾದ್ರೂ ಬಂತಾ?”

“ಏನಿಲ್ಲ.”

“ಕಿತ್ತಳೆ ಬಣ್ಣದ ಚುಕ್ಕೆ?”

“ಇದ್ರೆ ಹೇಳ್ತಿರಲಿಲ್ವಾ?”

ಚಕ್ರ ನಿಲ್ಲಿಸದೆ ಹೇಳುತ್ತಿದ್ದ ಉತ್ತರ ಅದು. ಅವಳು ನೋಡಿ ಬನ್ನಿ ಎಂದು ಕೇಳುತ್ತಿರಲಿಲ್ಲ. ನೋಡಿಯೇ ಹೇಳುತ್ತಿದ್ದಾನೆಂದು ನಂಬಿದ್ದಳು. ಅಂಗಿಯ ಕಾಲರಿನಲ್ಲಿ ಒಂದು ಹೊಲಿಗೆ ತಪ್ಪಿದರೆ ಮಾರುದೂರದಿಂದ ಹಿಡಿಯುವ ಕಣ್ಣು ತನ್ನದು, ಕಾಯಿ ಎಂಬುದು ಬಂದರೆ ಕಾಣದೆ ಹೋಗುತ್ತದೆಯೇ ಎಂದು ಅವನ ಭರವಸೆ. ಕೊನೆಕೊನೆಗೆ ಅವಳ ದನಿ ಯಂತ್ರದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಆದರೂ ಹೊತ್ತು ನೋಡಿ, ಕೇಳಿರಬಹುದೆಂದು ಅಂದಾಜು ಮಾಡಿ, ಏನಿಲ್ಲ ಎನ್ನುತ್ತಿದ್ದ.

ಆ ಬೆಳಿಗ್ಗೆ, ಅವಳ ಉಸಿರು ನಿಂತ ಮೇಲೆ, ಮುಖ ಒರೆಸಲು ಬಟ್ಟೆ ಒದ್ದೆ ಮಾಡಿಕೊಳ್ಳಲೆಂದು ಬಚ್ಚಲಿಗೆ ಹೋದ. ಬಟ್ಟೆ ಕೈಜಾರಿ ತೊಟ್ಟಿಗೆ ಬಿತ್ತು. ಬಾಗಿ ತೆಗೆಯುವಾಗ ಕಂಡದ್ದು: ಪಾಚಿಯ ಗೆಣ್ಣುಗೆಣ್ಣಿಗೂ ಕಿತ್ತಳೆ ಬಣ್ಣದ ಚುಕ್ಕೆ.

“ಇವತ್ತೇ ಬಂದದ್ದೋ, ಮೊದಲೇ ಬಂದಿತ್ತೋ,” ಎಂದ ನಾದಿನಿಗೆ. “ಅದೊಂದು ಗೊತ್ತಾಗಬೇಕು ನಂಗೆ.”

“ಗೊತ್ತಾಗಿ ಏನ್ ಮಾಡ್ತೀರಿ ಭಾವ ಈಗ?”

ಅವನು ಟೇಪನ್ನು ಬೆರಳಿಗೆ ಸುತ್ತಿಕೊಂಡ. ಮೊಣಕಾಲು ಮತ್ತೆ ಕುಣಿಯತೊಡಗಿತು.

*

ಶಿಷ್ಯೆ ಬಂದಾಗ ವಾಹನದ ಚಾಲಕ ಎರಡು ಸಲ ಒಳಗಿಣುಕಿ ಹೋಗಿದ್ದ. ಅವಳ ಹೆಗಲ ಚೀಲದಿಂದ ಅಗಲವಾದ ತಟ್ಟೆಯೊಂದು ಹೊರಚಾಚಿತ್ತು. ದರ್ಜಿ ಎದ್ದು ನಿಂತು ಬಾಗಿಲು ತೆರೆದುಬಿಟ್ಟ. ಅವಳು ಅತ್ತ ನೋಡದೆ ಮೊದಲು ಕೋಣೆಗೆ ಹೋದಳು. ಮೇಡಮ್ಮಿನ ಪಾದದ ಬಳಿ ತಲೆತಗ್ಗಿಸಿ ನಿಂತಳು. ಅಷ್ಟು ಹೊತ್ತೂ ಅವನು ಓಣಿಯಲ್ಲಿ ಮೂರು ಹೆಜ್ಜೆ ಅತ್ತ, ಮೂರು ಹೆಜ್ಜೆ ಇತ್ತ ಓಡಾಡುತ್ತಿದ್ದ.

ಬಚ್ಚಲಲ್ಲಿ ಅವಳು ತೊಟ್ಟಿಯ ಪಕ್ಕ ಮಂಡಿಯೂರಿ, ಚಿಮುಟದಿಂದ ಒಂದು ಕವಲನ್ನು ಮೆಲ್ಲಗೆ ಎತ್ತಿ ಗಾಜಿನ ಮೇಲಿಟ್ಟು, ಮಸೂರವನ್ನು ಕಣ್ಣಿಗೆ ಹಿಡಿದಳು. ದರ್ಜಿ ಅವಳ ಬೆನ್ನ ಹಿಂದೆ. ನಾದಿನಿ ಅವನ ಬೆನ್ನ ಹಿಂದೆ, ಹೊಸ್ತಿಲ ಮೇಲೆ. ಇನ್ನುಳಿದವರೆಲ್ಲ ಓಣಿಯಲ್ಲಿ.

“ಅದೇ,” ಎಂದಳು ಶಿಷ್ಯೆ ಬಹಳ ಹೊತ್ತಿನ ಮೇಲೆ. “ಗೆರೆ ಹೊಂದತ್ತೆ. ಮೇಡಂ ಹೇಳಿದ್ದೇ ಸರಿ. ಅದೇ ಇದು.”

“ಯಾವಾಗ ಬಂದದ್ದು?”

ಅವಳಿಗೆ ಪ್ರಶ್ನೆ ತಿಳಿಯಲಿಲ್ಲ.

“ಇದು ಇವತ್ತು ಬಂದದ್ದಾ, ಮೊದಲೇ ಬಂದಿತ್ತಾ? ನೋಡಿದ್ರೆ ಗೊತ್ತಾಗತ್ತಾ?”

ಶಿಷ್ಯೆ ತಿರುಗಿ ನೋಡಿದಳು. ಅವನ ಹೆಗಲಾಚೆ ನಾದಿನಿ ಕಣ್ಣಗಲಿಸಿ, ಬೆರಳನ್ನು ನೆಲದತ್ತ ಬಗ್ಗಿಸಿ, ಇವತ್ತು, ಇವತ್ತು ಎಂದು ತುಟಿಯಲ್ಲೇ ಹೇಳುತ್ತಿದ್ದಳು. ಶಿಷ್ಯೆ ಅದನ್ನು ನೋಡಿದಳು. ಮತ್ತೆ ಮಸೂರಕ್ಕೆ ಬಾಗಿದಳು, ಮೊದಲ ಸಲ ಸರಿಯಾಗಿ ಕಂಡಿರಲಿಕ್ಕಿಲ್ಲವೆಂಬಂತೆ. ಹಾಗೆ ಬಾಗಿದವಳು ಏಳಲು ತಡಮಾಡಿದಳೆಂದು ನಾದಿನಿಯೂ, ಕೂಡಲೇ ಎದ್ದಳೆಂದು ಬಾಗಿಲ ಬಳಿ ನಿಂತವರೂ ಹೇಳುತ್ತಾರೆ.

“ಕಿತ್ತಳೆ ಚುಕ್ಕೆ ಗಂಡು, ಸಾರ್. ಕಾಯಿ ಅದರ ಪಕ್ಕದ್ದು. ಹೊಸದಾಗಿ ಬಂದಾಗ ಹಸಿರಾಗೇ ಇರತ್ತೆ, ಗೆರೆ ಕಾಣಲ್ಲ.” ಅವಳು ಗಾಜನ್ನು ಕೆಳಗಿಟ್ಟಳು. “ಇದು ಕಪ್ಪಾಗಿದೆ. ಕಪ್ಪಾಗೋಕೆ ಎರಡು ವಾರನಾದ್ರೂ ಬೇಕು.”

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎರಡು ವಾರದ ಹಿಂದೆ ಅವಳು ಎದ್ದು ಕೂರ್ತಿದ್ಲು,” ಎಂದ ದರ್ಜಿ. ಯಾರಿಗೂ ಹೇಳಿದಂತಿರಲಿಲ್ಲ. “ಗೋಡೆ ಹಿಡ್ಕೊಂಡು ಇಲ್ಲಿವರೆಗೂ ಬರ್ತಿದ್ಲು, ಕರೆದಿದ್ರೆ.”

ಹೊರಗೆ ಹಾರನ್ ಆಯಿತು. ಶಿಷ್ಯೆ ತಟ್ಟೆಯನ್ನು ನೆಲಕ್ಕಿಟ್ಟು ಮಳೆನೀರು ಸುರಿದಳು. ಈಗಲೇ ಕಾಗದಕ್ಕೆ ಎತ್ತಬೇಕು, ಬಿಟ್ಟರೆ ಉದುರುತ್ತದೆ ಎಂದಳು. ಪಾಚಿಯನ್ನು ತಟ್ಟೆಯ ನೀರಲ್ಲಿ ತೇಲಿಬಿಟ್ಟು, ಅಡಿಯಿಂದ ದಪ್ಪ ಕಾಗದವನ್ನು ತೂರಿಸಿ, ಕವಲುಗಳು ಮಡಿಚಿಕೊಳ್ಳದಂತೆ ನಿಧಾನವಾಗಿ ಮೇಲೆತ್ತುವುದು. ನೀರು ಇಳಿದಂತೆ ಅದು ಕಾಗದದ ಮೇಲೆ ಹರಡಿಕೊಳ್ಳುತ್ತದೆ. ಮೇಡಂ ಕಲಿಸಿದ ಕೈಕೆಲಸ. ಕಿಟಕಿಯ ಬೆಳಕು ಇಳಿಯುತ್ತಿತ್ತು. ಏನೂ ಕಾಣುತ್ತಿಲ್ಲ, ದೀಪ ಬೇಕು ಎಂದಳು.

ದರ್ಜಿ ಹೋಗಿ ಯಂತ್ರದ ಮೇಲಿನ ದೀಪವನ್ನು ಕಳಚಿ, ಉದ್ದನೆಯ ವೈರಿನೊಡನೆ ತಂದು, ತೊಟ್ಟಿಯ ಅಂಚಿಗೆ ಮಂಡಿಯೂರಿ ಕುಳಿತ. ಹಾರನ್ ಇನ್ನೊಮ್ಮೆ ಆಯಿತು. ನಾದಿನಿ ಹೊರಗೆ ಹೋಗಿ ಚಾಲಕನಿಗೆ, “ಇನ್ನೂ ಆಗಿಲ್ಲ. ಆದಾಗ ಬರ್ತಾರೆ. ಸುಮ್ನೆ ಕೂತಿರಪ್ಪ,” ಎಂದದ್ದು ಒಳಗಿನವರಿಗೆಲ್ಲ ಕೇಳಿಸಿತು.

ಆಮೇಲೆ ಹಾರನ್ ಆಗಲಿಲ್ಲ. ಶಿಷ್ಯೆ ಉಸಿರು ಬಿಗಿಹಿಡಿದು ಕಾಗದವನ್ನು ನೀರಿನಡಿ ತೂರಿಸಿದಳು. ದೀಪವನ್ನು ಅಲುಗಿಸಬೇಡಿ ಎಂದು ಅವಳು ಹೇಳಲಿಲ್ಲ. ಅವನು ಎರಡೂ ಕೈಗಳಿಂದ, ಗೆಣ್ಣುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಅದನ್ನು ಹಿಡಿದಿದ್ದ. ತಟ್ಟೆಯ ನೀರು ನಿಶ್ಚಲವಾಗಿತ್ತು. ಪಾಚಿಯ ಒಂದು ಕವಲೂ ಅಲುಗಲಿಲ್ಲ. ಅದರ ನೆರಳು ಮಾತ್ರ ಬಚ್ಚಲಿನ ಗೋಡೆಯ ತುಂಬ, ಸೂರಿನವರೆಗೂ, ಗಡಗಡ ನಡುಗುತ್ತಿತ್ತು.