ಮಗಳ ಬ್ಯಾನರ್ ದಿನವೇ ಬದಲಾದ ಕಂಪ್ಯೂಟರ್

ನಮ್ಮ ಕಂಪ್ಯೂಟರಿಗೆ ವೇಷ ಬದಲಿಸುವ ಹುಕಿ ಬಂದದ್ದು, ನನ್ನ ಮಗಳು ಸೌಮ್ಯಾ ಪುಣೆಯಿಂದ ಖೋ-ಖೋ ಕಪ್ ಗೆದ್ದುಕೊಂಡು ಬರುವ ದಿನವೇ! ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮದು ಫ್ಲೆಕ್ಸ್ ಅಂಗಡಿ. ಊರಿನ ಅರ್ಧದಷ್ಟು ಲೀಡರುಗಳ ಹುಟ್ಟುಹಬ್ಬಕ್ಕೆ ಅವರ ಹಲ್ಲು ಕಿಸಿದ ಫೋಟೋ ಅಚ್ಚು ಹಾಕಿಕೊಟ್ಟವಳು ನಾನು. ಇವತ್ತು ಮೊದಲ ಸಲ ನನ್ನ ಮಗಳ ಮುಖ, ನನ್ನ ಮಗಳ ಹೆಸರು. ಮಧ್ಯಾಹ್ನದ ರೈಲು ಬರುವಷ್ಟರಲ್ಲಿ ಸ್ಟೇಷನ್ ಮುಂದೆ ಬ್ಯಾನರ್ ಏಳಲೇಬೇಕು. ನನ್ನ ಗಂಡ ಅಮರೇಶ ಬಿದಿರು, ಹಗ್ಗ ತೆಗೆದುಕೊಂಡು ಆಗಲೇ ಅಲ್ಲಿಗೆ ಹೋಗಿದ್ದ.

ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದರೆ ಗುರುತೇ ಸಿಗಲಿಲ್ಲ. ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಕೂತಿತ್ತು. ಎಡ ಮೂಲೆಯಲ್ಲಿ ತೆಪ್ಪಗಿದ್ದ ಸ್ಟಾರ್ಟ್ ಬಟನ್ ಮದುಮಗನ ಹಾಗೆ ನಟ್ಟನಡುವೆ ಬಂದು ಕೂತಿದೆ. ರೈಟ್ ಕ್ಲಿಕ್ ಮಾಡಿದರೆ ಕಾಪಿ ಎಂಬ ಮಾತಿಲ್ಲ, ಪೇಸ್ಟ್ ಎಂಬ ಮಾತಿಲ್ಲ, ಬರೀ ಸಣ್ಣ ಸಣ್ಣ ಚಿತ್ರ. ಓದಲು ಬರುವವಳಿಗೆ ಚಿತ್ರ ತೋರಿಸುವ ಈ ಜಾಣರು ಯಾರಪ್ಪ? ಬೇಕಾದದ್ದನ್ನೆಲ್ಲ 'ಇನ್ನಷ್ಟು ತೋರಿಸು' ಎಂಬ ಒಂದು ಸಾಲಿನ ಹಿಂದೆ ಬಚ್ಚಿಟ್ಟಿದ್ದರು. ನಮ್ಮ ಅಡುಗೆಮನೆಗೆ ಯಾರೋ ನುಗ್ಗಿ, ಖಾರದ ಡಬ್ಬಿಯನ್ನು ಸಕ್ಕರೆ ಜಾಗಕ್ಕಿಟ್ಟು, "ನೋಡ್ರಿ, ಎಷ್ಟ ಛಲೋ ಆತು" ಅಂದರೆ ಸೌಟಿನಿಂದ ಬಾರಿಸುವುದಿಲ್ಲವೇ? ಇವರಿಗೆ ಬಾರಿಸೋಣವೆಂದರೆ ಕೈಗೆ ಸಿಗುವವರಲ್ಲ.

ಮಾವ ಸಿದ್ದಲಿಂಗಪ್ಪನವರ ಪಾಡು ಇನ್ನೂ ಬೇರೆ. ನಮ್ಮಲ್ಲಿ ಡಿಸೈನ್ ನನ್ನದು, ಪ್ರಿಂಟಿಗೆ ಕಳಿಸುವುದು ಅವರದು. ದಿನಾ ಲಿಂಗಪೂಜೆ ಮುಗಿಸಿ ಬಂದು, ಪರದೆಯ ಚೌಕಟ್ಟಿನ ಕೆಳಗಿನ ಎಡ ಮೂಲೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ದೇವರಿಗೂ ಆಯಿತು, ಗುರುತಿಗೂ ಆಯಿತು. ವಿಭೂತಿಯ ನೆತ್ತಿಯ ಮೇಲೆ ಮೌಸ್ ಒತ್ತಿದರೆ ಸ್ಟಾರ್ಟ್ ಎಂದು ಅವರ ಲೆಕ್ಕ. ಇವತ್ತು ಅಲ್ಲಿ ಒತ್ತಿದರೆ ಅರ್ಧ ಪರದೆಯ ತುಂಬ ಹವಾಮಾನ, ಸಿನಿಮಾ ನಟಿಯ ಮದುವೆ, ಚಿನ್ನದ ದರ!

"ಶಾಂಭವಿ, ಇದೇನವಾ, ಪೇಪರ್ ಓದಸಾಕತ್ತೇತಿ ನನಗ?"

"ಮಾವಾರ, ಅಲ್ಲೆ ಒತ್ತಬ್ಯಾಡ್ರಿ. ನಡುವ ಒತ್ರಿ."

"ನಡುವ ಹೆಂಗ ಒತ್ಲಿ? ವಿಭೂತಿ ಇಲ್ಲೆ ಐತಿ."

"ಹಂಗಾರ ವಿಭೂತೀನ ನಡುವ ಹಚ್ರಿ!"

"ಹಚ್ಚಿದ್ದು ಅಳಸಬಾರದವಾ. ನಾಳಿ ನೋಡೂಣು," ಎಂದು ಮತ್ತೆ ಮೂಲೆಗೇ ಒತ್ತಿದರು.

ನನಗೆ ಪಿತ್ತ ನೆತ್ತಿಗೇರಿತು. ಮೌಸ್ ಕಸಿದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಆ ನಟಿಯ ಮದುವೆಯ ಕೆಳಗೆ ಒಂದು ಸಾಲು ಕಂಡಿತು: 'ರಾಜ್ಯ ಖೋ-ಖೋ ತಂಡಕ್ಕೆ ಹುಬ್ಬಳ್ಳಿಯ ಸೌಮ್ಯಾ ನಾಯಕಿ'. ಪಕ್ಕದಲ್ಲಿ ನನ್ನ ಮಗಳ ಬೆವರಿದ ಮುಖ.

"ಯಪ್ಪಾ ಶಿವನ! ನಮ್ಮ ಸೌಮಿ!" ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಆಡಲು ಜೊತೆ ಸಿಗದ ದಿನ ಅವಳಿಗೆ ಇವರೇ ಕಂಬ. ಅಂಗಳದಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು, ಅವಳು ಸುತ್ತಿ ಸುತ್ತಿ ಓಡುತ್ತಿದ್ದಳು. ಅವಳಿಗೆ ದಣಿವಾಗುವ ಮೊದಲು ಇವರಿಗೆ ತಲೆ ತಿರುಗುತ್ತಿತ್ತು.

ಖಾಲಿಯಾದ ಕುರ್ಚಿಯಲ್ಲಿ ನಾನು ಕೂತೆ. ಬ್ಯಾನರಿನ ತಳದಲ್ಲಿ 'ರಾಜ್ಯ ತಂಡದ ನಾಯಕಿ' ಎಂದು ಕೆಂಪಕ್ಷರದಲ್ಲಿ ಸೇರಿಸಿದೆ. ಯಾವ ಲೀಡರಿಗೂ ಅಷ್ಟು ದೊಡ್ಡ ಅಕ್ಷರ ಹಾಕಿದವಳಲ್ಲ. ಅಲ್ಲಿ ಇಲ್ಲಿ ತಡಕಾಡಿ ಅಂತೂ ಪ್ರಿಂಟ್ ಕೊಟ್ಟೆ. ಮಷಿನ್ ಜರ್ ಜರ್ ಎನ್ನುತ್ತ ಮೊದಲು ಅವಳ ಕೂದಲು, ಆಮೇಲೆ ಹಣೆ ಹೊರಗೆ ಬಿಡತೊಡಗಿತು.

ಆಗ ಫೋನ್ ಬಂತು. ಮಾವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅವ್ವಾ, ಧಾರವಾಡ ಬಿಟ್ಟೇವಿ! ಇಲ್ಲೆ ಕೇಳು, ನನ್ನ ಕಡೆ ಒಂದು ಸುದ್ದಿ ಐತಿ. ಫೋನಿನ್ಯಾಗ ಹೇಳಂಗಿಲ್ಲ. ಮೊದಲ ಅಜ್ಜಗ ಹೇಳತೇನಿ, ಅವನ ಮಾರಿ ನೋಡಕೋತ ಹೇಳಬೇಕು. ನಿನ್ನೆಯಿಂದ ತಡಕೊಂಡು ತಡಕೊಂಡು ಹೊಟ್ಟಿ ಒಡಿಯೂಹಂಗ ಆಗೇತಿ!"

ಫೋನ್ ಇಟ್ಟಳು. ನಾನು ಮಾವನ ಮುಖ ನೋಡಿದೆ, ಮಾವ ಮಷಿನ್ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಅವಳ ಸುದ್ದಿಯನ್ನು ಊರಿಗೆಲ್ಲ ಸಾರಲು ಹೊರಟಿದ್ದೆವು.

"ನಿಲ್ಲಸವಾ! ಲಗೂ ನಿಲ್ಲಸು!"

ನಿಲ್ಲಿಸುವುದೆಲ್ಲಿ? ಮೂಲೆಯಲ್ಲಿ ಇರುತ್ತಿದ್ದ ಪ್ರಿಂಟರ್ ಗುರುತು ಒಂದು ಬಾಣದ ಹಿಂದೆ ಅಡಗಿತ್ತು. ಒತ್ತಿದರೆ ಹೊಸ ಕಿಟಕಿ ತೆರೆಯಿತು, ಅದರಲ್ಲಿ ಕ್ಯಾನ್ಸಲ್ ಇಲ್ಲ. ಮೂರು ಚುಕ್ಕಿ ಇದ್ದವು. ಚುಕ್ಕಿ ಒತ್ತಿದೆ, ಇನ್ನೊಂದು ಪಟ್ಟಿ ಬಂತು. ಅಷ್ಟರಲ್ಲಿ ಗದ್ದ ಬಂತು, ಹೆಸರು ಬಂತು, 'ಹಾರ್ದಿಕ ಸ್ವಾಗತ' ಬಂತು. ನಾನು ಆ ಜಾಣರ ಏಳು ತಲೆಮಾರನ್ನು ಬೈಯುತ್ತಿದ್ದೆ. ಮಾವ ಅವಸರದಲ್ಲಿ ಮತ್ತೆ ವಿಭೂತಿಯ ನೆತ್ತಿಗೆ ಒತ್ತಿದರು, ಚಿನ್ನದ ದರ ಬಂತು. ಕೊನೆಗೆ ಅವರೇ ಓಡಿ ಗೋಡೆಯ ಮೇಲಿನ ಮೇನ್ ಸ್ವಿಚ್ ಕೆಳಗೆ ಎಳೆದುಬಿಟ್ಟರು.

ಕೆಂಪಕ್ಷರಗಳ ತಲೆಕಟ್ಟು ಮಾತ್ರ ಮೂಡಿತ್ತು. ಮಾವ ಬ್ಲೇಡ್ ತೆಗೆದುಕೊಂಡು ಅದರ ಮೇಲಕ್ಕೆ ಕತ್ತರಿಸಿದರು. ಅವಸರಕ್ಕೆ ಗೆರೆ ಸೊಟ್ಟಗಾಯಿತು. ಇರಲಿ ಎಂದು ಸುತ್ತಿಕೊಂಡು ಬಡೇಸಾಬನ ಆಟೋ ಹತ್ತಿದೆವು.

ಈಗ ನನಗೆ ಬೇರೆಯೇ ಭಯ. ಬೆಳಿಗ್ಗೆ ಮನೆಯಲ್ಲಿ ಏನು ಪಲ್ಯ ಮಾಡಿದೆವು ಎಂಬುದನ್ನೂ ಚಹಾದಂಗಡಿಯಲ್ಲಿ ಹೇಳಿಬರುವ ಮನುಷ್ಯ ನಮ್ಮ ಮಾವ. ದಾರಿಯಲ್ಲಿ "ಬಡೇಸಾಬ, ನಮ್ಮ ಹುಡುಗಿ ಏನಾಗ್ಯಾಳ ಗೊತ್ತೇನು..." ಎಂದು ಶುರು ಮಾಡಿದವರು, ನಾನು ಕಣ್ಣು ಕೆಕ್ಕರಿಸಿದ್ದಕ್ಕೆ ಹೆಗಲ ಟವಲನ್ನು ಬಾಯಿಗೆ ಒತ್ತಿಕೊಂಡು ಕೂತರು.

"ಏನಾಗ್ಯಾಳ್ರೀ ಅಜ್ಜಾರ?"

"ಶಾಣ್ಯಾಕಿ ಆಗ್ಯಾಳ. ನೀ ರೋಡ್ ನೋಡು."

ಅಮರೇಶ ಬ್ಯಾನರ್ ಕಟ್ಟಿ ಮುಗಿಸುವುದಕ್ಕೂ ರೈಲು ಬರುವುದಕ್ಕೂ ಸರಿಹೋಯಿತು. ಸೌಮ್ಯಾ ಹೊರಗೆ ಬಂದಳು. ನಾನು ಅಷ್ಟೆಲ್ಲ ಒದ್ದಾಡಿ ಮಾಡಿದ ಬ್ಯಾನರಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಚೀಲ ಕೆಳಗೆ ಹಾಕಿ ಸೀದಾ ಅಜ್ಜನ ಹತ್ತಿರ ಓಡಿದಳು. ಕಾಲಿಗೆರಗಿ, ಅವರ ಕಿವಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. ಹಿಂದೆ ಸರಿದು, ಅವರ ಮುಖವನ್ನೇ ನೋಡುತ್ತ ನಿಂತಳು.

ಮಾವನ ಕಣ್ಣು ತುಂಬಿ ಬಂತು. ಆದರೂ ಕಿವಿಗೆ ಕೈ ಹಚ್ಚಿ ಬಗ್ಗಿದರು.

"ಏನಂದಿ? ಗದ್ದಲದಾಗ ಕೇಳಸಲಿಲ್ಲ ನೋಡವಾ. ಜೋರಾಗಿ ಹೇಳು."

ಸೌಮ್ಯಾ ಎದೆ ತುಂಬ ಉಸಿರೆಳೆದು ಕೂಗಿದಳು. ಆಟೋದವರು, ಹಮಾಲರು, ರೈಲಿಳಿದವರು ಎಲ್ಲ ತಿರುಗಿ ನೋಡಿದರು.

"ಇನ್ನೊಮ್ಮೆ ಹೇಳು," ಎಂದರು ಮಾವ.