ಕೂತವಳು ಏಳುವ ಹೊತ್ತು

ಸೀಟಿ ಮತ್ತೆ ಬಿತ್ತು, ಅದೂ ಜಗದಾಂಬಾಳ ಮೇಲೇ. ರಾಜಾಜಿನಗರದ ಮೈದಾನದಲ್ಲಿ ಖೋ ಖೋ ಅಭ್ಯಾಸ ನಡೆದಿತ್ತು. ಸಾಲಾಗಿ ಕುಕ್ಕರಗಾಲಿನಲ್ಲಿ ಕೂತವರು, ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ‘ಖೋ’ ಎನ್ನುವವರೆಗೆ ಅಲ್ಲಾಡುವಂತಿಲ್ಲ. ಮೊದಲೇ ಎದ್ದರೆ ಫೌಲು. ಇಷ್ಟು ಸಂಗತಿ ಸಣ್ಣ ಮಕ್ಕಳಿಗೂ ಗೊತ್ತು. ತಂಡದ ಹಳೇ ಆಟಗಾರ್ತಿ ಜಗದಾಂಬಾ ಮಾತ್ರ ಈಚೆಗೆ ಖೋ ಬೀಳುವ ಮುಂಚೆಯೇ ಅರ್ಧ ಎದ್ದಿರುತ್ತಿದ್ದಳು.

"ಏನಮ್ಮಾ, ನಿಂಗೆ ಯಾರೂ ಖೋ ಕೊಡೋದು ಬೇಡ್ವಾ? ನೀನೇ ಕೊಟ್ಕೋತೀಯಾ?" ಕೋಚ್ ಮುನಿರಾಮಯ್ಯ ರೇಗಿದರು. "ದಸರಾ ಆದ್ಮೇಲೆ ಹುಬ್ಬಳ್ಳಿ ಪಂದ್ಯಕ್ಕೆ ತಂಡ ಆರಿಸ್ತೀನಿ. ಹಿಂಗೇ ಆಡಿದ್ರೆ ನೀನು ಮನೇಲಿರು."

ಅವಳು ಮತ್ತೆ ಸಾಲಿನಲ್ಲಿ ಕೂತಳು. ಬಲಗಾಲಿನ ಮಂಡಿಚಿಪ್ಪಿನ ಹಿಂದೆ, ಏಳುವಾಗಲೆಲ್ಲ ಚುಳ್ ಎನ್ನುತ್ತಿತ್ತು. ಅದಕ್ಕೇ ಭಾರವನ್ನೆಲ್ಲ ಎಡಗಾಲಿಗೆ ಹಾಕಿ, ಚೂರು ಮುಂಚೆಯೇ ಏಳಲು ಶುರು ಮಾಡುತ್ತಿದ್ದಳು. ನೋವೆಂದು ಹೇಳಿದರೆ ತಂಡದಿಂದ ಹೊರಗೆ, ಹೇಳದಿದ್ದರೆ ಫೌಲಿನಿಂದ ಹೊರಗೆ. ಹುಬ್ಬಳ್ಳಿಯಲ್ಲಿ ಆಡಬೇಕೆಂದು ಅವಳು ವರ್ಷಗಳಿಂದ ಜೀವ ಬಿಡುತ್ತಿದ್ದಳು.

ವಿಜಯನಗರದ ಮನೆಯಲ್ಲಿ ಗುಟ್ಟು ಗೊತ್ತಿದ್ದದ್ದು ಅಪ್ಪ ಸಿದ್ದಬಸಪ್ಪನವರಿಗೆ. ದಾವಣಗೆರೆ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟವರು, ಪ್ರಾಯದಲ್ಲಿ ಗರಡಿಯಲ್ಲಿ ಕುಸ್ತಿಯ ಮಣ್ಣು ಮೆತ್ತಿಕೊಂಡವರು. ಅವರ ಪ್ರಕಾರ ಶೀತಕ್ಕೂ ಬಸ್ಕಿ, ಸೋಮಾರಿತನಕ್ಕೂ ಬಸ್ಕಿ. ಮಂಡಿಗಂತೂ ಕೇಳಲೇಬೇಡಿ. "ಗರಡಿ ಮನ್ಯಾಗ ಮಂಡಿನೋವು ಅಂತ ಕೂತವ್ರನ್ನ ನಾ ನೋಡಿಲ್ಲವ್ವಾ. ಹೊಡಿ ಬಸ್ಕಿ!" ದಿನಾ ಬೆಳಿಗ್ಗೆ ಅಪ್ಪನೆದುರು ಪೂರ್ತಿ ಕೂತು ಪೂರ್ತಿ ಏಳುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಹಾಗೆ ಕಚ್ಚಿಕೊಂಡೇ ನೋವನ್ನು ಸಾಕಿ ದೊಡ್ಡದು ಮಾಡಿದಳು.

ಕೊನೆಗೆ ಒಂದು ದಿನ ಅಪ್ಪನಿಗೆ ಹೇಳದೆ ಆಸ್ಪತ್ರೆಗೆ ಹೋದಳು. ಅಲ್ಲಿ ವ್ಯಾಯಾಮದಿಂದಲೇ ಚಿಕಿತ್ಸೆ ಕೊಡುವ ಸತ್ಯವತಿ ಎಂಬವರು ಅವಳ ಕಾಲು ಚಾಚಿಸಿ, ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟರು. ಅವಳ ಬೆರಳುಗಳನ್ನು ಹಿಡಿದು, ಚಿಪ್ಪಿನ ಮೇಲುಗಡೆ, ಒಳತೊಡೆಯ ಮೇಲಿರಿಸಿದರು.

"ಟವೆಲ್ನ ಮಂಡಿಯಿಂದ ಒತ್ತಮ್ಮ."

ತೊಡೆಯ ಹೊರಭಾಗ ತಕ್ಷಣ ಕಲ್ಲಾಯಿತು. ಬೆರಳ ಕೆಳಗಿನದು ಸಡಿಲವಾಗಿಯೇ ಇತ್ತು; ಆಮೇಲೆ ಬೇಕೋ ಬೇಡವೋ ಎಂಬಂತೆ ಸ್ವಲ್ಪ ಬಿಗಿಯಿತು.

"ನೋಡಿದ್ಯಾ? ಹೊರಗಿನ ಸ್ನಾಯು ಮೊದಲೇ ಎಳೆದುಬಿಡುತ್ತೆ, ಒಳಗಿನದು ತಡವಾಗಿ ಬರುತ್ತೆ. ಚಿಪ್ಪು ಪಕ್ಕಕ್ಕೆ ಸರಿದು ಉಜ್ಜುತ್ತೆ. ಎರಡೂ ಜೊತೆಗೆ ಕೆಲಸ ಮಾಡ್ಬೇಕು. ನೋವು ಅಂತ ಕಾಲನ್ನ ನೀನು ತಪ್ಪಿಸಿದಷ್ಟೂ ಅದು ಸೋಮಾರಿಯಾಗುತ್ತೆ. ಈಗ ಬಸ್ಕಿ ಬೇಡ, ಹೀಗೆ ಬಿಗಿ ಹಿಡಿ. ಆಮೇಲೆ ಮೆಟ್ಟಿಲು ನಿಧಾನಕ್ಕೆ ಇಳಿಯೋದು."

ಜಗದಾಂಬಾಳಿಗೆ ಸಿಟ್ಟು ಬಂತು, ತನ್ನ ತೊಡೆಯ ಮೇಲೇ. ಇಷ್ಟು ದಿನ ಮಂಡಿಯನ್ನು ಬೈದದ್ದು ದಂಡವಾಯಿತಲ್ಲ!

ಮರುದಿನ ಬೆಳಿಗ್ಗೆ ಅಪ್ಪನೆದುರು ನಿಂತಳು. "ಅಪ್ಪಾಜಿ, ಇನ್ಮೇಲೆ ಬಸ್ಕಿ ಹೊಡೆಯಲ್ಲ." ಕಾರಣವನ್ನೂ ಬಿಡಿಸಿ ಹೇಳಿದಳು. ಗರಡಿಯ ಮಾನವೇ ಹೋದಂತೆ ಸಿದ್ದಬಸಪ್ಪ ಮುಖ ಊದಿಸಿಕೊಂಡು ಅಂಗಡಿಗೆ ಹೋದರು. ಸಂಜೆ ನೋಡಿದರೆ ಕುರ್ಚಿಯಲ್ಲಿ ಕಾಲು ಚಾಚಿ, ಪಂಚೆ ಸರಿಸಿ, ತಮ್ಮ ತೊಡೆಯನ್ನೇ ಒತ್ತಿ ನೋಡಿಕೊಳ್ಳುತ್ತಿದ್ದರು. ಅವಳು ನಗು ತಡೆದುಕೊಂಡು ಒಳಗೆ ಹೋದಳು.

ಅಲ್ಲಿಂದಾಚೆ ಅವಳದು ಒಂದೇ ಧ್ಯಾನ. ಕಾಲೇಜಿನ ಬೆಂಚಿನ ಕೆಳಗೆ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ನಿಂತಾಗ, ಬಿಗಿ ಹಿಡಿಯುವುದು, ಬಿಡುವುದು. "ಕಾಲು ಜೋಮು ಹಿಡೀತಾ ಮಗು?" ಎಂದು ಒಬ್ಬ ಅಜ್ಜಿ ಸೀಟು ಬಿಡಲು ಹೋದದ್ದೂ ಉಂಟು. ಕೆಲವು ದಿನ ಒಳತೊಡೆ ಮಾತು ಕೇಳುತ್ತಲೇ ಇರಲಿಲ್ಲ, ಅಳು ಬರುತ್ತಿತ್ತು. ಅತ್ತು, ಮೂಗೊರೆಸಿಕೊಂಡು, ಮತ್ತೆ ಟವೆಲ್ ಸುತ್ತುತ್ತಿದ್ದಳು. ಬರಬರುತ್ತಾ ಅದು ಹೊರಗಿನದರ ಜೊತೆಜೊತೆಗೇ ಬಿಗಿಯತೊಡಗಿತು. ಆಮೇಲೆ ಮೆಟ್ಟಿಲು, ಆಮೇಲೆ ಅರ್ಧ ಕೂತು ಏಳುವುದು, ಕೊನೆಗೆ ಕುಕ್ಕರಗಾಲು.

ಆಯ್ಕೆಯ ದಿನ ಅವಳ ಬೆನ್ನ ಹಿಂದೆ ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದವಳು ಅವಳ ತಂಡದ ಸೀತಾ. ಹೆಜ್ಜೆ ಹತ್ತಿರ ಬಂತು. ಹಳೇ ಚಾಳಿ ಮೈಯನ್ನು ಮೇಲೆತ್ತಲು ನೋಡಿತು. ಜಗದಾಂಬಾ ಅಲ್ಲಾಡಲಿಲ್ಲ. ಸೀತಾ ಖೋ ಕೊಡುವಂತೆ ಮಾಡಿ ಮುಂದೆ ಹೋದಳು, ಕಂಬದ ಹತ್ತಿರ ತಿರುಗಿ ಮತ್ತೆ ಅವಳ ಬೆನ್ನ ಹಿಂದೆ ಬಂದಳು. ಆಗಲೂ ಅಲ್ಲಾಡಲಿಲ್ಲ.

"ಖೋ!"

ಎದ್ದಳು. ಎರಡೂ ಕಾಲಿನ ಮೇಲೆ ಎದ್ದಳು. ಸೀಟಿ ಬೀಳಲಿಲ್ಲ. ಒಂದು ಗೇಣಿನಲ್ಲಿ ಎದುರಾಳಿ ತಪ್ಪಿಸಿಕೊಂಡಳು. ಜಗದಾಂಬಾ ಇನ್ನೊಬ್ಬಳಿಗೆ ಖೋ ಕೊಟ್ಟು ಕೂತಳು; ಮುಂದಿನ ಖೋಗೆ ಎದ್ದಾಗ ಅದೇ ಹುಡುಗಿಯ ಜಡೆಯ ಕೆಳಗೆ ಬೆನ್ನು ಮುಟ್ಟಿದಳು.

ಮುನಿರಾಮಯ್ಯ ಹತ್ತಿರ ಬಂದರು. "ಮಂಡಿನೋವಿತ್ತಂತೆ, ನಿಮ್ಮಪ್ಪ ಬಂದು ಹೇಳಿದ್ರು. ಈಗಲೂ ಇದ್ಯಾ?"

ಸುಳ್ಳು ಹೇಳಬಹುದಿತ್ತು. "ಚೂರು ಇದೆ ಸಾರ್. ಆದ್ರೆ ಈಗ ಅದು ಹೇಳ್ದಂಗೆ ನಾನು ಕೇಳಲ್ಲ."

"ಹಾಗಾದ್ರೆ ಕಂಬದ ಪಕ್ಕದ ಚೌಕದಲ್ಲಿ ಕೂತ್ಕೊ. ಜಾಸ್ತಿ ಏಳ್ಬೇಕಾಗಲ್ಲ."

"ಬೇಡ ಸಾರ್. ನಡುವಿನ ಚೌಕ ಕೊಡಿ. ನಮ್ಮ ಆಟದಲ್ಲಿ ಹೆಚ್ಚು ಖೋ ಬೀಳೋದು ಅಲ್ಲೇ."

ಅವರು ಹೂಂ ಎನ್ನುವ ಮೊದಲೇ ಹೋಗಿ ಕೂತಾಗಿತ್ತು. ಮುನಿರಾಮಯ್ಯ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡರು.

"ಹುಬ್ಬಳ್ಳಿಲೂ ಅಲ್ಲೇ ಕೂರ್ಬೇಕು. ಆಮೇಲೆ ಜಾಗ ಬದಲಾಯಿಸಿ ಅಂತ ಬರಬೇಡ!"