ಆನೆ ಬಂತು, ನೀಲಾಂಬರಿಯಲ್ಲಿ

ಸಂಪಿಗೆಗುಡ್ಡದ ನಂಜುಂಡಯ್ಯನವರ ಹಾಡನ್ನು ಕೊನೆಯವರೆಗೆ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಇದು ಆಗದವರು ಹಬ್ಬಿಸಿದ ಸುದ್ದಿಯಲ್ಲ, ಅವರಿಗೇ ಗೊತ್ತಿದ್ದ ಸತ್ಯ. ಭಜನೆ ಮನೆಯಲ್ಲಿ ಅವರು ಪಲ್ಲವಿ ಎತ್ತಿಕೊಂಡರೆ ಸಾಕು, ಯಾರಾದರೊಬ್ಬರು ಕಡ್ಲೆಪುರಿ ಹಂಚಲು ಎದ್ದುಬಿಡುತ್ತಿದ್ದರು. ಮದುವೆ ಮನೆಯಲ್ಲಿ ಅವರು ಶ್ರುತಿ ಹಿಡಿದ ಕೂಡಲೇ ವಾಲಗದವರಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ಹೆಂಡತಿ ಪಾರ್ವತಮ್ಮ ಪಾಪ, ಎದ್ದು ಹೋಗುವ ಹಾಗಿರಲಿಲ್ಲ. ಆದ್ದರಿಂದ ಕೂತಲ್ಲೇ ಕೇಳಿಸಿಕೊಳ್ಳದೆ ಇರುವುದನ್ನು ಕಲಿತಿದ್ದರು. ಗಂಡನ ಆಲಾಪನೆ ಅವರ ಕಿವಿಗೆ ಫ್ರಿಜ್ಜಿನ ಸದ್ದಿನ ಹಾಗೆ, ನಿಂತರೆ ಮಾತ್ರ ಗೊತ್ತಾಗುತ್ತಿತ್ತು.

ಪಾಳ್ಯದ ದಿನಸಿ ಅಂಗಡಿಯನ್ನು ಮಗನಿಗೆ ವಹಿಸಿ, ಹಾರ್ಮೋನಿಯಂ ಮುಂದೆ ಕೂತ ಮೇಲೆ ನಂಜುಂಡಯ್ಯನವರಿಗೆ ಉಳಿದಿದ್ದ ಆಸೆ ಒಂದೇ. ಕಣ್ಣು ಮುಚ್ಚುವುದರೊಳಗೆ ತಮ್ಮದೊಂದು ಹಾಡನ್ನು ಇಡೀ ಊರು ಕಿವಿಗೊಟ್ಟು ಕೇಳಬೇಕು. ಮನುಷ್ಯರು ಯಾರೂ ಈ ಆಸೆಗೆ ನೆರವಾಗಲಿಲ್ಲ. ನೆರವಾಗಿದ್ದು ಆನೆಗಳು.

ಭತ್ತ ಹೊಡೆ ತುಂಬಿದ ಮೇಲೆ ಆನೆಗಳು ಬರುವುದು ಆ ಕಡೆ ಹೊಸದೇನಲ್ಲ. ಆನೆ ಎಲ್ಲಿದೆ ಎಂದು ಕಾವಲಿನವರು ಮೊಬೈಲಿಗೆ ಸುದ್ದಿ ಹಾಕುತ್ತಿದ್ದರು, ಭಜನೆ ಮನೆಯ ಮೇಲಿದ್ದ ಸೈರನ್ ಕೂಗುತ್ತಿತ್ತು. ಆ ಸೈರನ್ನಿಗೆ ನಾಯಿಗಳೆಲ್ಲ ಒಟ್ಟಿಗೆ ಊಳಿಡುತ್ತಿದ್ದವು, ಕೂಸುಗಳು ಬೆಚ್ಚಿಬೀಳುತ್ತಿದ್ದವು. ಹೆಂಗಸರು ಜಗಳಕ್ಕೆ ಬಂದರು. ಕೊನೆಗೆ ಊರ ಸಮಿತಿಯ ಅಧ್ಯಕ್ಷ ಕೃಷ್ಣಪ್ಪ ನಂಜುಂಡಯ್ಯನವರ ಜಗಲಿಗೆ ಬಂದು ಕೂತ.

"ನಂಜುಂಡಯ್ನೋರೆ, ಸೈರನ್ ಬ್ಯಾಡ, ಮನುಷ್ಯರ ದನಿ ಆಗ್ಲಿ ಅಂತವ್ರೆ ಎಲ್ಲ. ನೀವು ಮೈಕಲ್ಲಿ ಎರಡು ಮಾತು ಹೇಳ್ಬುಡಿ. 'ಆನೆ ಬಂದೈತೆ, ಹೊರಗ್ ಬರಬ್ಯಾಡಿ.' ಅಷ್ಟೇ. ರೆಕಾರ್ಡ್ ಮಾಡ್ಕೊಂಡು ಹಾಕ್ತೀವಿ."

"ಮಾತು?" ನಂಜುಂಡಯ್ಯನವರು ಶಲ್ಯ ಕೊಡವಿದರು. "ಸಂಗೀತಗಾರನ ಮನೆಗೆ ಬಂದು ಮಾತು ಕೇಳ್ತೀಯಲ್ಲೋ! ಹಾಡೇ ಕೊಡ್ತೀನಿ ಹೋಗು."

ಕೃಷ್ಣಪ್ಪ ಅಲ್ಲೇ ಬೇಡವೆಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಪಾರ್ವತಮ್ಮ ಕಾಫಿ, ಕೋಡುಬಳೆ ತಂದಿಟ್ಟರು. ಬಾಯಲ್ಲಿ ಕೋಡುಬಳೆ ಇಟ್ಟುಕೊಂಡು ಬೇಡ ಎನ್ನುವುದು ಹೇಗೆ?

ನಂಜುಂಡಯ್ಯನವರು ಹಾಡು ಕಟ್ಟಲು ಕೂತರು. ಮಳೆಗಾಲದ ಕೊನೆಯಿಂದ ಭತ್ತಕ್ಕೆ ಬಣ್ಣ ತಿರುಗುವ ತನಕ ಕಟ್ಟಿದರು. ರಾಗ ನೀಲಾಂಬರಿ. ಅದು ತೊಟ್ಟಿಲು ತೂಗುವ ರಾಗ ಎಂದು ಮಗ ಹೆದರುತ್ತಲೇ ಹೇಳಿದ್ದಕ್ಕೆ, "ಜನಕ್ಕೆ ಗಾಬರಿ ಆಗ್ಬಾರ್ದು ಕಣೋ. ಅಪಾಯ ಅನ್ನೋದು ಮನಸ್ಸಿಗೆ ಮೆಲ್ಲಗೆ ಇಳೀಬೇಕು" ಎಂದರು. ಮೊದಲು ನಿಧಾನವಾದ ಆಲಾಪನೆ. ಆಮೇಲೆ ಪಲ್ಲವಿ, ಮಂಜಿನ ಸೆರಗು ಹೊದ್ದ ಬೆಟ್ಟದ ವರ್ಣನೆ. ಅನುಪಲ್ಲವಿಯಲ್ಲಿ ಕಾಫಿ ಹೂವಿನ ಘಮ, ಜೊತೆಗೆ ವಿಘ್ನೇಶ್ವರನಿಗೊಂದು ನಮಸ್ಕಾರ. ಚರಣದಲ್ಲಿ ಕೊನೆಗೂ ಆನೆ. ಅದೂ ಆನೆ ಎಂದಲ್ಲ, ಮದಗಜ. ಆ 'ಗ'ಕಾರದ ಮೇಲೆ ಎಂಥಾ ಗಮಕವೆಂದರೆ, ಸ್ವರ ಒಲೆದೊಲೆದು ಕೆಳಗಿಳಿದು, ಸುಧಾರಿಸಿಕೊಂಡು ಮತ್ತೆ ಮೇಲೆ ಹತ್ತುತ್ತಿತ್ತು. ಮದಗಜ ಎಂಬ ನಾಲ್ಕಕ್ಷರ ಮುಗಿಯುವುದರಲ್ಲಿ ಒಂದು ಲೋಟ ಕಾಫಿ ಕುಡಿದಿಡಬಹುದಿತ್ತು.

ಪಾಳ್ಯದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪ್ರವೀಣ್ ಅದನ್ನು ರೆಕಾರ್ಡ್ ಮಾಡಿದ. ತನ್ನ ಕಾಣಿಕೆಯೂ ಇರಲಿ ಎಂದು ಎಕೋ ಕೊಟ್ಟ, ಹಿಂದೆ ಒಂದು ಕೊಳಲು ಸೇರಿಸಿದ, ಹಕ್ಕಿ ಚಿಲಿಪಿಲಿಯನ್ನೂ ಹಾಕಿದ. ಇಷ್ಟೆಲ್ಲ ಆದ ಮೇಲೆ ಕೇಳಿದವರಿಗೆ ಊರಿಗೆ ಆನೆ ಬಂದಿದೆ ಅನ್ನಿಸುವುದು ಹಾಗಿರಲಿ, ಊರಲ್ಲಿ ಯಾರಿಗೋ ಸೀಮಂತ ಅನ್ನಿಸುತ್ತಿತ್ತು.

ಹಾಡು ಶುರುವಾದ ವಾರದಲ್ಲೇ ಫಲ ಕಾಣಿಸಿತು. ಪಕ್ಕದ ಮನೆ ಭದ್ರಮ್ಮ ಬಂದು, "ನಿಮ್ಮ ಹಾಡು ಹಾಕಿದ್ರೆ ನನ್ನ ಮೊಮ್ಮಗ ಅಳು ನಿಲ್ಸಿ ಮಲೀಕತಾನೆ ಕಣ್ರೀ, ಮಧ್ಯಾಹ್ನಾನೂ ಒಂದ್ಸಲ ಹಾಕ್ಸಿ" ಎಂದು ಕೇಳಿಕೊಂಡಳು. ಆನೆಗಳು ಓಡಿಹೋಗುವ ಬದಲು ನಿಂತು ಮೇಯತೊಡಗಿದವು. ಕೃಷ್ಣಪ್ಪನ ಗದ್ದೆಯಲ್ಲಿ ಒಂಟಿ ಸಲಗವೊಂದು ಆಲಾಪನೆಯಿಂದ ಮಂಗಳದವರೆಗೆ ನಿಂತಿತ್ತಂತೆ. ಹಾಗೆ ನೋಡಿದರೆ, ನಂಜುಂಡಯ್ಯನವರ ಹಾಡನ್ನು ಪೂರ್ತಿ ಕೇಳಿದ ಮೊದಲ ಪ್ರಾಣಿ ಅದೇ.

"ನಂಜುಂಡಯ್ನೋರೆ, ಕೈ ಮುಗೀತೀನಿ," ಎಂದ ಕೃಷ್ಣಪ್ಪ. "ಆನೆ ಅನ್ನೋ ಮಾತು ಮೊದಲಿಗೆ ಬರಂಗೆ ಮಾಡ್ಬುಡಿ. ನೀವು ಚರಣಕ್ಕೆ ಬರೋ ಹೊತ್ಗೆ ಅದು ಗದ್ದೆ ಮುಗಿಸಿ ಹೋಗ್ಬುಟ್ಟಿರ್ತದೆ."

"ಆಲಾಪನೆ ಇಲ್ದೆ ಹಾಡೇ? ತೋರಣ ಇಲ್ದೆ ಮದುವೆ ಮಾಡ್ತೀಯೇನಪ್ಪ?"

"ಮದುವೆ ಅಲ್ಲ ಮಾರಾಯ್ರೆ, ಆನೆ!"

ಒಪ್ಪುವುದುಂಟೇ? ನಂಜುಂಡಯ್ಯನವರಿಗೆ ಈಗ ಇನ್ನೊಂದು ಹುಕಿ ಬಂದಿತ್ತು. ಹಾಡು ಊರನ್ನು ಕಾಪಾಡುವುದನ್ನು ವಿಡಿಯೋ ಮಾಡಿ ಲೋಕಕ್ಕೆಲ್ಲ ತೋರಿಸಬೇಕೆಂದು ಪ್ರವೀಣನನ್ನು ಕರೆಸಿದರು. ಒಂದು ಬೆಳಗ್ಗೆ ಆನೆ ಕೆರೆ ಕಡೆ ಇದೆ ಎಂದು ಸುದ್ದಿ ಬಂದದ್ದೇ ತಡ, ಜರಿ ಶಲ್ಯ ಹೊದ್ದು ಭಜನೆ ಮನೆಯ ಜಗಲಿಯಲ್ಲಿ ಮೈಕಿನ ಮುಂದೆ ಕೂತರು. ಪ್ರವೀಣ ಹಾಡು ಹಾಕಿ, ಮೊಬೈಲು ಹಿಡಿದು ನಿಂತ. ಇವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿಕೊಂಡು, ತಮ್ಮ ಹಾಡಿಗೆ ತಾವೇ ತಲೆದೂಗಿದರು.

ಪಲ್ಲವಿಯ ಹೊತ್ತಿಗೆ ಕಣ್ಣು ಬಿಟ್ಟರು. ಜಗಲಿಯಿಂದ ಕೆಳಗೆ ಗದ್ದೆಬಯಲು ಚೆನ್ನಾಗಿ ಕಾಣುತ್ತಿತ್ತು. ಬದುವಿನ ಮೇಲೆ ಪಾರ್ವತಮ್ಮ ಬಗ್ಗಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಧ್ವನಿವರ್ಧಕ ಊರಿಗೆಲ್ಲ ಕೇಳುವಂತೆ ಹಾಡುತ್ತಿತ್ತು, ಅವರು ಮಾತ್ರ ತಲೆ ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ಆ ಹಾಡನ್ನು ಅವರು ತಿಂಗಳುಗಟ್ಟಲೆ ಒಗ್ಗರಣೆ ಸದ್ದಿನ ಜೊತೆ ಕೇಳಿದ್ದರು. ಅವರ ಹಿಂದೆ, ಕಾಫಿ ತೋಟದ ಬೇಲಿ ಅಲುಗಾಡಿತು. ಮೊದಲು ಸೊಂಡಿಲು, ಆಮೇಲೆ ದಂತ, ಆಮೇಲೆ ಇಡೀ ಸಲಗ ಹೊರಗೆ ಬಂತು.

ಹಾಡಿನಲ್ಲಿ ಇನ್ನೂ ಮಂಜಿನ ಸೆರಗು ಹಾರುತ್ತಿತ್ತು.

ನಂಜುಂಡಯ್ಯನವರು ಹಾಡಿನ ವೈರನ್ನು ಕಿತ್ತೆಸೆದು ಮೈಕನ್ನು ಬಾಯಿಗೆ ಹಿಡಿದರು. ಆಗ ಅವರ ಗಂಟಲಿಂದ ಬಂದದ್ದಕ್ಕೆ ರಾಗವಿರಲಿಲ್ಲ, ತಾಳವಿರಲಿಲ್ಲ.

"ಆನೆ ಬಂತು ಪಾರ್ವತೀ! ಓಡೇ!"

ದನಿ ಕೆಳಗಿನಿಂದ ಒಮ್ಮೆಗೇ ಮೇಲಕ್ಕೆ ಜಿಗಿದು, 'ತೀ' ಎನ್ನುವಲ್ಲಿ ಸೀಳಿಹೋಯಿತು. ಆ ಸೀಳಿನಲ್ಲಿ ಅಳು, ಸಿಟ್ಟು, ಜೀವಭಯ ಎಲ್ಲ ಸೇರಿತ್ತು. ಇಡೀ ಊರು ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತಿತು. ಭದ್ರಮ್ಮನ ಮೊಮ್ಮಗ ಚೀರಿಕೊಂಡ. ಪಾರ್ವತಮ್ಮ ತಿರುಗಿಯೂ ನೋಡದೆ, ಕುಡುಗೋಲು ಎಸೆದು, ಸೀರೆ ಎತ್ತಿಕಟ್ಟಿ ಬದುವಿನ ಮೇಲೆ ಓಡಿದ ಓಟವನ್ನು ಆ ವಯಸ್ಸಿನವರು ಯಾರೂ ಓಡಿರಲಾರರು. ಸಲಗವೂ ಎರಡು ಹೆಜ್ಜೆ ಹಿಂದೆ ಸರಿದು, ಕಿವಿ ಬೀಸಿ, ಬೇಲಿಯೊಳಕ್ಕೇ ಹೊರಟುಹೋಯಿತು. ಅಲ್ಲಿಯವರೆಗಿನ ಸಂಗೀತ ಅದಕ್ಕೆ ಹಿತವಾಗಿತ್ತೆಂದು ಕಾಣುತ್ತದೆ.

ಹೆಂಡತಿ ಏದುಸಿರು ಬಿಡುತ್ತ ಜಗಲಿಗೆ ಬಂದು ಕುಸಿದು ಕೂತಾಗ ನಂಜುಂಡಯ್ಯನವರು ನೀರಿನ ಚೊಂಬು ಕೊಟ್ಟರು. ಅರ್ಧ ನೀರು ಜರಿ ಶಲ್ಯದ ಮೇಲೆ ಚೆಲ್ಲಿತು.

ಇದೆಲ್ಲ ಪ್ರವೀಣನ ಮೊಬೈಲಿನಲ್ಲಿ ಕೂತಿತ್ತು. ಸಂಜೆಯೊಳಗೆ ಕೃಷ್ಣಪ್ಪ ಆ ಕೂಗನ್ನು ಮಾತ್ರ ಬೇರೆ ಮಾಡಿಸಿದ. ಮಾರನೇ ದಿನದಿಂದ ಭಜನೆ ಮನೆಯ ಮೇಲೆ ಅದೇ. ಮೊದಲು ಮರ್ಯಾದೆಗೆಂದು ಹೆಸರು ತೆಗೆದು, ಬರೀ 'ಆನೆ ಬಂತು' ಎಂದು ಹಾಕಿ ನೋಡಿದರು. ಗಾಬರಿಯಿಲ್ಲದ ಆ ಕೂಗು ಕೇಳಿ ಜನ ಮೊಸರು ಮಾರುವವನು ಬಂದ ಎಂದುಕೊಂಡು ಪಾತ್ರೆ ಹಿಡಿದು ಹೊರಗೆ ಬಂದರು. ಹೆಸರು ವಾಪಸ್ ಸೇರಿಸಿದ್ದೇ ತಡ, ಎಲ್ಲ ಒಳಗೆ ಓಡಿ ಅಗುಳಿ ಹಾಕಿಕೊಂಡರು. "ಆ ಹೆಸರಲ್ಲೇ ಐತೆ ಸಾರ್ ಎಲ್ಲ, ಎಕೋನೂ ಬ್ಯಾಡ ಅದ್ಕೆ" ಎಂದ ಪ್ರವೀಣ, ಜೀವಮಾನದಲ್ಲಿ ಮೊದಲ ಸಲ. ಕುಂದೂರು ಕಡೆಯವರೂ ಬಂದು ಕೇಳಿ ಇಸಿದುಕೊಂಡು ಹೋದರು. ಈಗ ಎರಡು ಹೋಬಳಿಗಳಲ್ಲಿ ಆನೆ ಬಂದರೆ ಪಾರ್ವತಿಯರಲ್ಲದವರೂ ಓಡುತ್ತಾರೆ.

ನಂಜುಂಡಯ್ಯನವರ ಆಸೆ ಹೀಗೆ ಈಡೇರಿತು. ಅವರು ಬಾಯಿಬಿಟ್ಟದ್ದನ್ನು ಊರಿಗೆ ಊರೇ ಕೇಳುತ್ತಿತ್ತು, ಮೊದಲಿನಿಂದ ಕೊನೆಯವರೆಗೂ. ಅವರಿಗೋ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಪಶ್ರುತಿಯ ನಾಚಿಕೆ ಒಂದಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವರ ಮನೆಯಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ತಾಳಿ ಕಟ್ಟಿದಂದಿನಿಂದ ಅವರು ಕರೆದದ್ದು 'ಏನೇ', 'ಇವಳೇ', ತೀರಾ ಪ್ರೀತಿ ಬಂದರೆ 'ಇಲ್ ಕೇಳಿಲ್ಲಿ'.

ಆ ವಾರವೇ ಒಂದು ಸಂಜೆ ಹಾರ್ಮೋನಿಯಂ ಮುಚ್ಚಿಟ್ಟು ಕೂತಿದ್ದವರು ಒಳಗೆ ಕೂಗಿದರು.

"ಏನೇ, ಒಂದ್ ಲೋಟ ಕಾಫಿ."

ಒಳಗೆ ಪಾತ್ರೆ ಸದ್ದಾಗುತ್ತಲೇ ಇತ್ತು.

"ಇವಳೇ, ಕೇಳಿಸ್ತಾ?"

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಂದರೆ ಕೇಳಿಸಿದೆ.

"ಊರಿಗೆಲ್ಲ ಕೇಳೋ ಹಂಗೆ ಕೂಗಿದ್ರಲ್ಲ ಅವತ್ತು," ಪಾರ್ವತಮ್ಮನ ದನಿ ಬಂತು. "ಈಗೇನಾಯ್ತು ಗಂಟ್ಲಿಗೆ?"

ನಂಜುಂಡಯ್ಯನವರು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಗಂಟಲು ಸರಿ ಮಾಡಿಕೊಂಡರು. ಶಲ್ಯ ಸರಿ ಮಾಡಿಕೊಂಡರು. ಅಭ್ಯಾಸಬಲ, ಮೂಗಿನಲ್ಲೇ ಸಣ್ಣಗೆ ಶ್ರುತಿ ಹಿಡಿದು, 'ಪಾ' ಎಂದು ಎಳೆಯುತ್ತ ಸ್ವರವನ್ನು ಓಲಾಡಿಸತೊಡಗಿದರು.

"ಆಲಾಪನೆ ಬ್ಯಾಡ ಕಣ್ರೀ," ಎಂದರು ಪಾರ್ವತಮ್ಮ ಬಾಗಿಲಿಗೆ ಬಂದು. ಕಾಫಿ ಲೋಟ ಆಗಲೇ ಅವರ ಕೈಯಲ್ಲಿತ್ತು. "ಹೆಸ್ರು ಸಾಕು."